ಮೂಳೆಯೊಳಗೆ ಅಡಗಿದ ಮುಖನರ

ನಗುವುದು, ಹುಬ್ಬು ಗಂಟಿಕ್ಕುವುದು, ಕಣ್ಣು ಮುಚ್ಚುವುದು ಎಲ್ಲವೂ ಏಳನೆಯ ಕಪಾಲ ನರದ ಕೆಲಸ. ಮಿದುಳಿನಿಂದ ಹೊರಟ ಈ ಮುಖನರ ಕಿವಿಯ ಸುತ್ತಲಿನ ಗಟ್ಟಿ ಮೂಳೆಯೊಳಗೆ ಸುಮಾರು 3 ಸೆಂಟಿಮೀಟರ್ ನುಸುಳಿ, ಎರಡು ಕಡೆ ತಿರುವು ಪಡೆದು ಮುಖಕ್ಕೆ ಬರುತ್ತದೆ. ದಾರಿಯ ಅತಿ ಇಕ್ಕಟ್ಟಾದ ಜಾಗದ ಅಗಲ 1 ಮಿಲಿಮೀಟರಿಗೂ ಕಡಿಮೆ. ನರ ಊದಿಕೊಂಡರೆ ಮೊದಲು ಉಸಿರು ಕಟ್ಟುವುದು ಅಲ್ಲೇ.

ಈ ದಾರಿಯನ್ನು ವರ್ಣಿಸಿದವನು ಇಟಲಿಯ ಪಡುವಾದ ಅಂಗರಚನಾ ಶಾಸ್ತ್ರಜ್ಞ ಗೇಬ್ರಿಯೆಲ್ ಫಾಲೋಪಿಯೊ. 1561ರ ತನ್ನ ಪುಸ್ತಕದಲ್ಲಿ ಅವನು ಅದನ್ನು ನೀರಿನ ಕಾಲುವೆಗೆ ಹೋಲಿಸಿದ. 1821ರಲ್ಲಿ ಚಾರ್ಲ್ಸ್ ಬೆಲ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮುಖದ ನರಗಳ ಕುರಿತ ತನ್ನ ಪ್ರಬಂಧ ಇಟ್ಟ. ಬಾಯಿ ಸೊಟ್ಟಗಾಗುವ ಕಾಯಿಲೆಗೆ ಇಂದಿಗೂ ಅವನದೇ ಹೆಸರು: ಬೆಲ್ಸ್ ಪಾಲ್ಸಿ. ಆದರೆ ಆಗ ಕಾಲುವೆ ಕಾಣಬೇಕಿದ್ದರೆ ಹೆಣವನ್ನೇ ಕೊಯ್ಯಬೇಕಿತ್ತು.

1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದ. ತಲೆಬುರುಡೆಯ ಚಿತ್ರವೇನೋ ಬಂತು. ಮೂಳೆಯ ಮೇಲೆ ಮೂಳೆಯ ನೆರಳು ಬಿದ್ದು ಕಾಲುವೆ ಕಲಸಿಹೋಗುತ್ತಿತ್ತು. ಆಮೇಲೆ ಬಂದ ಟೊಮೋಗ್ರಫಿಯಲ್ಲಿ ಎಕ್ಸ್-ರೇ ಕೊಳವೆ ಒಂದು ಕಡೆಗೆ, ಫಿಲ್ಮ್ ಇನ್ನೊಂದು ಕಡೆಗೆ ಸರಿದು, ಬೇಕಾದ ಪದರವೊಂದೇ ಸ್ಪಷ್ಟವಾಗಿ ಉಳಿಯುತ್ತಿತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ನ ಸಿಟಿ (ಕಂಪ್ಯೂಟರ್ ಟೊಮೋಗ್ರಫಿ) ಯಂತ್ರದೊಳಗೆ ಮೊದಲ ರೋಗಿಯ ತಲೆ ಸೇರಿತು. ಅಡ್ಡ 80, ಉದ್ದ 80 ಚುಕ್ಕಿಗಳ ಚಿತ್ರ. ಒಂದೊಂದು ಪದರವೂ 1 ಸೆಂಟಿಮೀಟರಿಗಿಂತ ದಪ್ಪ. ಅಷ್ಟು ದಪ್ಪದ ಪದರದಲ್ಲಿ ಕೂದಲೆಳೆಯಂಥ ಕಾಲುವೆ ಸಿಕ್ಕೀತೆ? ಇಂದಿನ ಯಂತ್ರಗಳು 1 ಮಿಲಿಮೀಟರಿಗಿಂತ ತೆಳುವಾಗಿ ಸೀಳುತ್ತವೆ. ಅಪಘಾತದಲ್ಲಿ ಮೂಳೆ ಬಿರುಕುಬಿಟ್ಟರೆ, ಆ ಬಿರುಕು ಕಾಲುವೆಯನ್ನು ಎಲ್ಲಿ ಹಾದಿದೆ ಎಂದು ಕಾಣುತ್ತದೆ.

ಸಿಟಿ ತೋರಿಸುವುದು ಗೋಡೆಯನ್ನು. ಒಳಗಿನ ನರವನ್ನು ತೋರಿಸುವುದು ಎಂಆರ್‌ಐ. 1973ರಲ್ಲಿ ಪಾಲ್ ಲಾಟರ್ಬರ್ ಪ್ರಕಟಿಸಿದ ಈ ವಿಧಾನದಲ್ಲಿ ಗಟ್ಟಿ ಮೂಳೆ ಕಪ್ಪಾಗಿ ಹಿಂದೆ ಸರಿಯುತ್ತದೆ. ಗ್ಯಾಡೊಲಿನಿಯಂ ಚುಚ್ಚುಮದ್ದು ಕೊಟ್ಟರೆ ಊದಿದ ನರ ಬೆಳ್ಳಗೆ ಹೊಳೆಯುತ್ತದೆ. ಇಲ್ಲೊಂದು ತೊಡಕಿದೆ: ಮೊದಲ ತಿರುವಿನಿಂದಾಚೆಗೆ ನರದ ಸುತ್ತ ರಕ್ತನಾಳಗಳ ಜಾಲವಿರುವುದರಿಂದ ಆರೋಗ್ಯವಂತರಲ್ಲೂ ಅಲ್ಲಿ ತುಸು ಹೊಳಪು ಸಹಜ. ಅದಕ್ಕೂ ಹಿಂದಿನ ಇಕ್ಕಟ್ಟಿನ ಭಾಗ ಹೊಳೆದರೆ ಮಾತ್ರ ರೇಡಿಯಾಲಜಿಸ್ಟ್ ಹುಬ್ಬೇರಿಸುತ್ತಾರೆ.

ಹಾಗೆಂದು ಬಾಯಿ ಸೊಟ್ಟಗಾದವರೆಲ್ಲ ಸ್ಕ್ಯಾನ್‌ಗೆ ಓಡಬೇಕಿಲ್ಲ. ಬೆಲ್ಸ್ ಪಾಲ್ಸಿಯನ್ನು ವೈದ್ಯರು ಬಹುತೇಕ ಮುಖ ನೋಡಿಯೇ ಗುರುತಿಸುತ್ತಾರೆ. ದುರ್ಬಲತೆ ನಿಧಾನವಾಗಿ ಹೆಚ್ಚುತ್ತಿದ್ದರೆ, ಇಲ್ಲವೇ ತಿಂಗಳುಗಳಾದರೂ ಗುಣ ಕಾಣದಿದ್ದರೆ ಸ್ಕ್ಯಾನ್ ಬೇಕಾಗುತ್ತದೆ. ಮುಖ ಒಮ್ಮೆಲೇ ವಾಲಿದರೆ ಅದು ಲಕ್ವವೂ ಆಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ. ಬೆಲ್ಸ್ ಪಾಲ್ಸಿಯೇ ಆಗಿದ್ದರೂ ಸ್ಟಿರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು.