ಪುಟಕ್ಕೊಂದು ಅಡ್ಡಹೆಸರು

(ಸಂಘದ ಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಬಿಸಿಬೇಳೆ ಭಾತಿನ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಕುರ್ಚಿ ಬಿಟ್ಟೇಳದೆ ಕುಳಿತಿರುವ ಕನ್ನಡ ಬಂಧುಗಳೇ,

ವೈದ್ಯನನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆಯ ಮೇಲೋ ಕೊಲೆಸ್ಟರಾಲಿನ ಮೇಲೋ ಮಾತಾಡಿಸುವುದು ವಾಡಿಕೆ. ಈ ಸಲ ನನಗೆ ಕೊಟ್ಟಿರುವ ವಿಷಯ ನಮ್ಮ ಸಂಘದ ವೆಬ್‌ಸೈಟು. ಸಭೆಯಲ್ಲಿ ಇಷ್ಟು ಮಂದಿ ಸಾಫ್ಟ್‌ವೇರ್ ಇಂಜಿನಿಯರುಗಳಿರುವಾಗ ಸ್ಟೆತಸ್ಕೋಪಿನವನಿಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ಉತ್ತರ ಸುಲಭ. ಕೆಡಿಸಿದವನು ನಾನು. ಆದ್ದರಿಂದ ತಪ್ಪೊಪ್ಪಿಗೆಯೂ ನನ್ನದೇ ಆಗಬೇಕೆಂದು ಸಮಿತಿ ತೀರ್ಮಾನಿಸಿತು.

ನಮ್ಮ ಹಳೆಯ ಸ್ಮರಣ ಸಂಚಿಕೆಗಳನ್ನೆಲ್ಲ ವೆಬ್‌ಸೈಟಿಗೆ ಏರಿಸಬೇಕೆಂದು ನಿಶ್ಚಯಿಸಿದ್ದು ನಿಮಗೆ ಗೊತ್ತು. ಕಥೆ, ಕವನ, ಹರಟೆ, ಅಡುಗೆ, ಶ್ರದ್ಧಾಂಜಲಿ ಎಲ್ಲವೂ. ಕೆಲಸ ವಹಿಸಿಕೊಂಡವನು ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಹುಡುಗ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬಾರದು. ನಮ್ಮ ವೆಬ್‌ಸೈಟು ಓಡುವುದು ಡ್ರೂಪಲ್ ಎಂಬ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಮೇಲೆ. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ 2001ರಲ್ಲಿ ಬಿಡುಗಡೆ ಮಾಡಿದ ಉಚಿತ ತಂತ್ರಾಂಶ ಅದು. ಇದಕ್ಕೆ ಬೇಕಾದ ಅನುಕೂಲಗಳನ್ನು ಮಾಡ್ಯೂಲ್ ಎಂಬ ತುಂಡುಗಳಾಗಿ ಸೇರಿಸಿಕೊಳ್ಳುತ್ತ ಹೋಗಬಹುದು. ಹುಡುಗ ಸಂಚಿಕೆಗಳಿಗಾಗಿ ತಾನೇ ಒಂದು ಮಾಡ್ಯೂಲ್ ಬರೆದ.

ಡ್ರೂಪಲ್‌ನಲ್ಲಿ ಪ್ರತಿ ಪುಟಕ್ಕೂ ಹುಟ್ಟುವಾಗಲೇ ಒಂದು ನಂಬರು ಬೀಳುತ್ತದೆ. ನೋಡ್ 412, ನೋಡ್ 413, ಹೀಗೆ. ಆಸ್ಪತ್ರೆಯಲ್ಲಿ ರೋಗಿಗೆ ಕೊಡುವ ರೆಕಾರ್ಡ್ ನಂಬರಿನಂತೆ. ಅದು ಬದಲಾಗುವುದಿಲ್ಲ, ಆದರೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಆದ್ದರಿಂದ ನಂಬರಿನ ಮೇಲೆ ಓದಲು ಬರುವಂಥ ಒಂದು ಅಡ್ಡಹೆಸರನ್ನು ಕಟ್ಟಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ಏಲಿಯಾಸ್ ಎನ್ನುತ್ತಾರೆ, ಪೊಲೀಸರ ಕಡತದಲ್ಲಿ ಕಳ್ಳರಿಗೆ ಬರೆಯುವ ಅದೇ ಏಲಿಯಾಸ್. ನೂರಾರು ಪುಟಕ್ಕೆ ಕೈಯಿಂದ ಹೆಸರಿಡುತ್ತ ಕೂರಲು ಯಾರಿಗೂ ವ್ಯವಧಾನವಿಲ್ಲವಾದ್ದರಿಂದ ಪಾಥ್‌ಆಟೋ ಎಂಬ ಮಾಡ್ಯೂಲ್ ಈ ನಾಮಕರಣವನ್ನು ತಾನೇ ಮಾಡುತ್ತದೆ. ಅದಕ್ಕೊಂದು ಅಚ್ಚು ಹೇಳಿಕೊಟ್ಟರೆ ಸಾಕು: ಮೊದಲು ವರ್ಷ, ಆಮೇಲೆ ಲೇಖನದ ಶೀರ್ಷಿಕೆ. ಆ ವರ್ಷ, ಶೀರ್ಷಿಕೆ ಎಂಬ ಖಾಲಿ ಜಾಗಗಳಿಗೆ ಟೋಕನ್ ಎಂದು ಹೆಸರು. ಪುಟ ಉಳಿಸಿದೊಡನೆ ಟೋಕನ್‌ಗಳು ತುಂಬಿಕೊಂಡು ಅಡ್ರೆಸ್ಸು ಸಿದ್ಧ.

ನಮ್ಮ ಹುಡುಗನ ಮೊದಲ ಎಡವಟ್ಟು ಇಲ್ಲೇ ಆಯಿತು. ಅವನು ಪಾಥ್‌ಆಟೋವನ್ನು ನಂಬದೆ ತನ್ನ ಮಾಡ್ಯೂಲಿನೊಳಗೇ ಅಡ್ರೆಸ್ಸು ಕಟ್ಟುವ ಕೆಲಸವನ್ನೂ ಸೇರಿಸಿದ್ದ. ಕಾರ್ಯಕ್ರಮಗಳ ಪುಟಗಳಿಗೆ ಪಾಥ್‌ಆಟೋ ಒಂದು ರೀತಿ ಹೆಸರಿಟ್ಟರೆ, ಲೇಖನಗಳಿಗೆ ಇವನದು ಇನ್ನೊಂದು ರೀತಿ. ಲೇಖನ ಅಳಿಸಿದರೂ ಇವನು ಕಟ್ಟಿದ ಹೆಸರು ಪಟ್ಟಿಯಲ್ಲಿ ಹಾಗೇ ನಿಂತಿರುತ್ತಿತ್ತು. ಒಂದೇ ರೋಗಿಗೆ ಇಬ್ಬರು ಡಾಕ್ಟರು ಪರಸ್ಪರ ಕೇಳದೆ ಔಷಧಿ ಬರೆದ ಹಾಗೆ. ಬರೆಯುವವರು ಒಬ್ಬರೇ ಇರಲಿ, ನಿನ್ನ ಮಾಡ್ಯೂಲು ಟೋಕನ್‌ಗಳನ್ನು ಮಾತ್ರ ಒದಗಿಸಲಿ, ಚೀಟಿ ಬರೆಯುವುದು ಪಾಥ್‌ಆಟೋಗೆ ಬಿಡು ಎಂದೆ. "ಅಂಕಲ್, ನೀವು ಕೋಡ್ ಬರೆಯಲ್ಲ, ಆದ್ರೂ ಸರಿಯಾಗಿ ಹೇಳ್ತೀರ" ಎಂದ. ಹೊಗಳಿಕೆಯೋ ಬೈಗುಳವೋ ಇನ್ನೂ ತಿಳಿದಿಲ್ಲ.

ಇನ್ನು ಕನ್ನಡದ ಪ್ರಶ್ನೆ. ಅಡ್ರೆಸ್ಸನ್ನು ಕನ್ನಡದಲ್ಲೇ ಇಡೋಣ, ಅಭಿಮಾನ ಬೇಡವೇ ಎಂದು ನಮ್ಮ ಹಿರಿಯರೊಬ್ಬರು ಪಟ್ಟು ಹಿಡಿದರು. ಇಡಬಹುದು. ಬ್ರೌಸರಿನ ಮೇಲ್ಪಟ್ಟಿಯಲ್ಲಿ ಮುದ್ದಾಗಿ ಕಾಣಿಸುತ್ತದೆ ಕೂಡ. ಆದರೆ ಅದನ್ನು ನಕಲು ಮಾಡಿ ಇಮೇಲಿಗೆ ಅಂಟಿಸಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಮೆರವಣಿಗೆ ಹೊರಡುತ್ತದೆ. ಕನ್ನಡದ ಒಂದೊಂದು ಅಕ್ಷರ, ಕಾಗುಣಿತದ ಒಂದೊಂದು ಗುರುತು, ಒತ್ತಕ್ಷರದ ಹಿಂದೆ ಅಡಗಿರುವ ಹಲಂತ, ಪ್ರತಿಯೊಂದೂ ಕಂಪ್ಯೂಟರಿಗೆ ಮೂರು ಬೈಟು. ಅಡ್ರೆಸ್ಸಿನಲ್ಲಿ ಪ್ರತಿ ಬೈಟಿಗೆ ಮೂರು ಚಿಹ್ನೆ. ಅಂದರೆ ಒಂದಕ್ಕೆ ಒಂಬತ್ತು. "ಶ್ರದ್ಧಾಂಜಲಿ" ಎಂಬ ಒಂದೇ ಪದಕ್ಕೆ 99 ಚಿಹ್ನೆ! ಇನ್ನೊಂದು ಜನಪ್ರಿಯ ವ್ಯವಸ್ಥೆಯಾದ ವರ್ಡ್‌ಪ್ರೆಸ್ ಈ ಭಾಗಕ್ಕೆ ಇಟ್ಟಿರುವ ಮಿತಿ 200. ಅಲ್ಲಿಗೆ ಇಪ್ಪತ್ತೆರಡು ಗುರುತು ದಾಟಿದರೆ ಕನ್ನಡ ಶೀರ್ಷಿಕೆಯ ಬಾಲಕ್ಕೆ ಕತ್ತರಿ. ನಮ್ಮ ಲೇಖಕರ ಶೀರ್ಷಿಕೆಗಳೋ, ರೈಲುಬಂಡಿ. ಅದೂ ಅಲ್ಲದೆ ಈ ಅಡ್ರೆಸ್ಸುಗಳು ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತವೆ. ಓದಿದವರು ಕೈಯಿಂದ ಟೈಪ್ ಮಾಡಬೇಕು. ಎಲ್ಲರ ಫೋನಿನಲ್ಲೂ ಕನ್ನಡ ಕೀಲಿಮಣೆ ಇಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಇಂಗ್ಲಿಷ್ ಅಕ್ಷರಗಳಿಗೆ ಒಪ್ಪಿದೆವು.

ಒಪ್ಪಿದ ಮೇಲೆ ನೋಡಿ ತಮಾಷೆ. ಬೇರೆ ಲಿಪಿಯನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವ ಸಿದ್ಧ ಪಟ್ಟಿಗಳಿವೆ. ಶಾನ್ ಬರ್ಕ್ 2001ರಲ್ಲಿ ಪರ್ಲ್ ಭಾಷೆಗಾಗಿ ಮಾಡಿದ ಯೂನಿಡಿಕೋಡ್ ಅವುಗಳಲ್ಲಿ ಪ್ರಸಿದ್ಧ. ಅದು ಈ ಅಕ್ಷರಕ್ಕೆ ಆ ಅಕ್ಷರ ಎಂದು ಬದಲಿಸುತ್ತ ಹೋಗುತ್ತದೆ. ನಮ್ಮ ವ್ಯಂಜನಗಳ ಹೊಟ್ಟೆಯಲ್ಲಿ ಒಂದು ಅಕಾರ ಇದೆ ಎಂದು ಅದಕ್ಕೆ ಯಾರೂ ಹೇಳಿಲ್ಲ. ಹೀಗಾಗಿ "ಕನ್ನಡ" ಎಂಬುದು ಕೆ, ಎನ್, ಎನ್, ಡಿ, ಡಿ ಆಯಿತು. "ಹಳ್ಳಿ" ಎಂಬುದು ಒಂದು ಎಚ್, ನಾಲ್ಕು ಎಲ್, ಒಂದು ಐ! ಹುಡುಗನಿಗೆ ಓದಲು ಬಾರದ್ದರಿಂದ ಅನುಮಾನವೇ ಬರಲಿಲ್ಲ. ನಾನು ನೋಡಿ ನಕ್ಕು, ಒಂದು ಭಾನುವಾರ ಅವನನ್ನು ಕೂರಿಸಿಕೊಂಡು ಕಾಗುಣಿತ ಹೇಳಿಕೊಟ್ಟೆ. ವ್ಯಂಜನದ ಮುಂದೆ ಸ್ವರದ ಗುರುತೂ ಇಲ್ಲ, ಹಲಂತವೂ ಇಲ್ಲ ಎಂದಾದರೆ ಅಲ್ಲೊಂದು 'ಅ' ಹಾಕು. ಅವನಮ್ಮ ಹತ್ತು ವರ್ಷದಿಂದ ಕನ್ನಡ ಶಾಲೆಗೆ ಬಾ ಎಂದು ಬೇಡಿಕೊಂಡಿದ್ದರು. ಕೊನೆಗೂ ಹುಡುಗ ಕಾಗುಣಿತ ಕಲಿತದ್ದು ಒಂದು ಟೋಕನ್ ಬರೆಯಲಿಕ್ಕೆ.

ಹೊಸ ಟೋಕನ್ ಜನ ಬರೆಯುವ ರೀತಿಯಲ್ಲೇ ಸರಳವಾಗಿ ಬರೆಯಿತು. ಸರಳವಾದದ್ದೇ ತಡ, ಇನ್ನೊಂದು ಪೇಚು. ಒಂದೇ ವರ್ಷದ ಸಂಚಿಕೆಯಲ್ಲಿ "ನಮ್ಮ ಹಳ್ಳಿ" ಎಂಬ ನೆನಪಿನ ಲೇಖನವಿದೆ, "ನಮ್ಮ ಹಲ್ಲಿ" ಎಂಬ ಹರಟೆಯೂ ಇದೆ. ಇಂಗ್ಲಿಷಿನಲ್ಲಿ ಎರಡೂ ಒಂದೇ. ಪಾಥ್‌ಆಟೋ ಹೀಗಾದಾಗ ಜಗಳ ಬೇಡವೆಂದು ಎರಡನೆಯದರ ಬಾಲಕ್ಕೆ ಒಂದು ಅಡ್ಡಗೆರೆ, ಒಂದು ಸೊನ್ನೆ ಅಂಟಿಸುತ್ತದೆ. ಹರಟೆಯನ್ನು ಮೊದಲು ಏರಿಸಿದ್ದರಿಂದ ಸೊನ್ನೆ ಹಳ್ಳಿಗೆ ಬಿತ್ತು. ಲೇಖಕರು ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ, ಕ್ಷಮೆಯಿರಲಿ.

ನನ್ನ ತಪ್ಪಿಗೆ ಬರುವ ಮುನ್ನ ಆಸ್ಪತ್ರೆಯ ಒಂದು ಮಾತು. ನಾನು ಎಂಬಿಬಿಎಸ್ ಓದುವಾಗ ಸರ್ಕಾರಿ ವಾರ್ಡಿನಲ್ಲಿ ರೋಗಿಗಳನ್ನು ಬೆಡ್ ನಂಬರಿನಿಂದ ಕರೆಯುತ್ತಿದ್ದೆವು. "ಹನ್ನೆರಡನೇ ಬೆಡ್ಡಿಗೆ ಜ್ವರ ಇಳೀತಾ?" ರೆಸಿಡೆನ್ಸಿಗೆ ಅಮೆರಿಕಕ್ಕೆ ಬಂದಾಗ ಆ ನಾಲಿಗೆಯ ಚಾಳಿಗೆ ಮೊದಲ ದಿನವೇ ನರ್ಸಿನಿಂದ ಪಾಠವಾಯಿತು. ಇಲ್ಲಿ ಜಾಯಿಂಟ್ ಕಮಿಷನ್ 2003ರಿಂದ ಹಾಕಿರುವ ನಿಯಮದಂತೆ ಔಷಧಿ ಕೊಡುವ ಮುನ್ನ ರೋಗಿಯ ಎರಡು ಗುರುತು ಕೇಳಬೇಕು. ಹೆಸರು ಆಗಬಹುದು, ಹುಟ್ಟಿದ ತಾರೀಖು ಆಗಬಹುದು. ರೂಮ್ ನಂಬರು ಮಾತ್ರ ಆಗದು. ರೋಗಿಯನ್ನು ರಾತ್ರೋರಾತ್ರಿ ಬೇರೆ ರೂಮಿಗೆ ಸಾಗಿಸಿರಬಹುದು. ನಮ್ಮ ಅಚ್ಚಿನಲ್ಲಿ ಮೊದಲು ವರ್ಷದ ಜಾಗದಲ್ಲಿ ಕಥೆ, ಹರಟೆ ಎಂಬ ವಿಭಾಗದ ಹೆಸರಿತ್ತು. ಸಂಪಾದಕರು ಒಂದು ಬರಹವನ್ನು ಕಥೆಯಿಂದ ಹರಟೆಗೆ ಬದಲಿಸಿದ ದಿನ ಅಡ್ರೆಸ್ಸೂ ಬದಲಾಯಿತು. ರೂಮ್ ನಂಬರಿನ ಪಾಠ ನೆನಪಾಗಿ ವಿಭಾಗ ಕಿತ್ತು ವರ್ಷ ಹಾಕಿಸಿದೆ. 1998ರ ಸಂಚಿಕೆ ಎಂದಿಗೂ 1998ರದೇ.

ಇಷ್ಟು ಜಾಣತನ ತೋರಿಸಿದವನು ಶೀರ್ಷಿಕೆಯೂ ಬದಲಾಗಬಹುದೆಂಬುದನ್ನು ಮರೆತೆ. ಒಂದು ಶನಿವಾರ ಆನ್‌ಕಾಲ್ ಇರಲಿಲ್ಲ, ಕಾಫಿ ಹಿಡಿದು ಕುಳಿತು ಹಳೆಯ ಶೀರ್ಷಿಕೆಗಳ ಕಾಗುಣಿತ ತಿದ್ದತೊಡಗಿದೆ. ಮೂವತ್ತೇಳು ಪುಟ ತಿದ್ದಿದೆ. ಅದರಲ್ಲಿ ಹೆಚ್ಚಿನವು ಶ್ರದ್ಧಾಂಜಲಿಗಳು, ಎಲ್ಲದರಲ್ಲೂ ಮಹಾಪ್ರಾಣ ತಪ್ಪಿ "ಶ್ರದ್ದಾಂಜಲಿ" ಎಂದಾಗಿತ್ತು. ಪುಟ ತಿದ್ದಿದಾಗ ಪಾಥ್‌ಆಟೋ ಏನು ಮಾಡಬೇಕೆಂದು ನಾವೇ ಆರಿಸಬಹುದು: ಹಳೆಯ ಹೆಸರನ್ನೇ ಉಳಿಸು, ಹೊಸದನ್ನು ಸೇರಿಸಿ ಹಳೆಯದನ್ನೂ ಬಿಡು, ಇಲ್ಲವೇ ಹೊಸದನ್ನು ಕಟ್ಟಿ ಹಳೆಯದನ್ನು ಅಳಿಸು. ನಾವು ಏನನ್ನೂ ಆರಿಸಿರಲಿಲ್ಲ. ತಾನಾಗಿ ಬರುವ ಆಯ್ಕೆ ಮೂರನೆಯದು. ನಾನು ಸೇರಿಸಿದ ಒಂದೊಂದು ಮಹಾಪ್ರಾಣಕ್ಕೂ ಒಂದೊಂದು ಹಳೆಯ ಅಡ್ರೆಸ್ಸು ಪ್ರಾಣ ಬಿಟ್ಟಿತು.

ಎರಡು ವಾರದ ಮೇಲೆ ಮೈಸೂರಿನಿಂದ ಒಂದು ಫೋನು. ಈ ಸಂಘ ಕಟ್ಟಿದವರಲ್ಲಿ ಒಬ್ಬರ ಶ್ರೀಮತಿ. ಯಜಮಾನರು ತೀರಿಕೊಂಡ ಮೇಲೆ ಊರಿಗೆ ಮರಳಿದವರು. ಅವರ ಮೇಲಿನ ಶ್ರದ್ಧಾಂಜಲಿ ಪುಟದ ಅಡ್ರೆಸ್ಸನ್ನು ಮಗಳು ಫೋನಿನಲ್ಲಿ ಹಾಕಿಕೊಟ್ಟಿದ್ದಳು, ವಾಟ್ಸಾಪಿನಲ್ಲಿ ನೆಂಟರಿಗೆಲ್ಲ ಕಳಿಸಿದ್ದಳು. ಆಕೆ ದೇವರ ಪೂಜೆ ಮುಗಿಸಿ ಆ ಪುಟದ ಫೋಟೋ ನೋಡುವ ರೂಢಿ ಇಟ್ಟುಕೊಂಡಿದ್ದರಂತೆ. ಈಗ ಒತ್ತಿದರೆ ಪುಟ ಸಿಗಲಿಲ್ಲ ಎಂದು ಬರುತ್ತಿದೆ. ಆಕೆ ಸಿಟ್ಟು ಮಾಡಲಿಲ್ಲ. ತುಂಬ ಸಂಕೋಚದಿಂದ ಕೇಳಿದರು: "ಡಾಕ್ಟ್ರೇ, ಇವರು ಹೋದ್ಮೇಲೆ ನಾವು ಮೆಂಬರ್‌ಶಿಪ್ ಕಟ್ಟಿಲ್ಲ. ಅದಕ್ಕೇ ತೆಗೆದುಬಿಟ್ರಾ?"

ರೋಗಿಗಳ ಮನೆಯವರಿಗೆ ಕೆಟ್ಟ ಸುದ್ದಿ ಹೇಳಿ ಅಭ್ಯಾಸವಿರುವ ನನಗೆ ಅವತ್ತು ಮಾತು ಹೊರಡಲಿಲ್ಲ. "ಇಲ್ಲಮ್ಮ, ಒಂದು ಒತ್ತಕ್ಷರ ತಿದ್ದೋಕೆ ಹೋಗಿ ನಾನೇ ಕೆಡಿಸಿದೆ" ಎಂದೆ. ಆಕೆಗೆ ಅದು ನಂಬುವಂಥ ಉತ್ತರವಾಗಿ ತೋರಿತೋ ಇಲ್ಲವೋ ಗೊತ್ತಿಲ್ಲ. ವೆಬ್ ಎಂಬುದನ್ನೇ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಒಳ್ಳೆಯ ಅಡ್ರೆಸ್ಸು ಬದಲಾಗಬಾರದೆಂದು 1998ರಲ್ಲೇ ಬರೆದಿದ್ದಾರೆಂದು ಹುಡುಗ ಆಮೇಲೆ ತೋರಿಸಿದ. ಮೊದಲೇ ತೋರಿಸಬಾರದಿತ್ತೇ ಎಂದೆ. ಮೊದಲೇ ಕೇಳಬಾರದಿತ್ತೇ ಅಂಕಲ್ ಎಂದ.

ಆ ರಾತ್ರಿಯೇ ಇಬ್ಬರೂ ಕುಳಿತೆವು. ಹಳೆಯ ಬ್ಯಾಕಪ್‌ನಿಂದ ಮೂವತ್ತೇಳು ಅಡ್ರೆಸ್ಸುಗಳನ್ನು ಹೆಕ್ಕಿ ತೆಗೆದೆವು. ರೀಡೈರೆಕ್ಟ್ ಎಂಬ ಇನ್ನೊಂದು ಮಾಡ್ಯೂಲನ್ನು ಸೇರಿಸಿ, ಹಳೆಯ ಅಡ್ರೆಸ್ಸಿಗೆ ಬಂದವರನ್ನು ಹೊಸದಕ್ಕೆ ಕೈಹಿಡಿದು ಕರೆದೊಯ್ಯುವ ಏರ್ಪಾಡು ಮಾಡಿದೆವು. ಮನೆ ಬದಲಿಸಿದವರು ಅಂಚೆಯವನಿಗೆ ಹೇಳಿ ಹೋದ ಹಾಗೆ. ಮುಂದೆ ಯಾರು ಯಾವ ಶೀರ್ಷಿಕೆ ತಿದ್ದಿದರೂ ಇದು ತಾನಾಗಿ ಆಗುತ್ತದೆ.

ಶ್ರದ್ಧಾಂಜಲಿಗಳ ವಿಷಯದಲ್ಲಿ ಮಾತ್ರ ಸಮಿತಿಯ ಮುಂದೆ ಒಂದು ಕೋರಿಕೆ ಇಟ್ಟು ಒಪ್ಪಿಗೆ ಪಡೆದಿದ್ದೇನೆ. ಆ ಪುಟಗಳಲ್ಲಿ ತಾನಾಗಿ ಹೆಸರಿಡುವ ಚೌಕದ ಗುರುತು ತೆಗೆದಿದ್ದೇವೆ. ಮನೆಯವರನ್ನು ಕೇಳಿ ಅಡ್ರೆಸ್ಸನ್ನು ಕೈಯಿಂದ ಬರೆಯುತ್ತೇವೆ. ಒಬ್ಬರು ಗೌಡರು ಡಬ್ಲ್ಯು ಹಾಕುತ್ತಾರೆ, ಇನ್ನೊಬ್ಬರು ಯು ಹಾಕುತ್ತಾರೆ. ಲಕ್ಷ್ಮಿಗೆ ಕೆಲವರು ಎಕ್ಸ್, ಕೆಲವರು ಕೆ-ಎಸ್-ಎಚ್. ಬದುಕಿದ್ದಷ್ಟು ದಿನ ಚೆಕ್ಕಿನ ಮೇಲೆ, ಪಾಸ್‌ಪೋರ್ಟಿನ ಮೇಲೆ ಅವರು ಬರೆದುಕೊಂಡದ್ದೇ ಅವರ ಹೆಸರು. ಟೋಕನ್‌ಗೆ ಅದು ತಿಳಿಯುವ ಬಗೆ ಹೇಗೆ?

ಮೈಸೂರಿಗೆ ನಾನೇ ಫೋನ್ ಮಾಡಿ ಕೇಳಿದೆ. "ಅಯ್ಯ ಅನ್ನೋದಕ್ಕೆ ಇವರು ಯಾವಾಗ್ಲೂ ಕೊನೇಲಿ ಎಚ್ ಹಾಕೋರು. ಯಾರಾದ್ರೂ ಬಿಟ್ರೆ ಕೋಪ ಬರೋದು" ಎಂದರು ಆಕೆ. ನಮ್ಮ ಮಾಡ್ಯೂಲು ಎಚ್ ಬಿಟ್ಟಿತ್ತು. ಈಗ ಆ ಅಡ್ರೆಸ್ಸಿನ ಕೊನೆಯಲ್ಲಿ ಎಚ್ ಇದೆ. ಅವರ ಫೋನಿನಲ್ಲಿ ಮಗಳು ಹಾಕಿಕೊಟ್ಟ ಹಳೆಯದನ್ನು ಒತ್ತಿದರೂ ಅಲ್ಲಿಗೇ ಹೋಗುತ್ತದೆ.

ಭಾತು ಆರುತ್ತಿದೆ.