ಕಾರಣ ತಿಳಿಯದ ದಿಗಿಲು

ದೀಪ ಹಚ್ಚುವ ಹೊತ್ತಿಗೆ ನಿಮ್ಮಲ್ಲಿ ಕೆಲವರಿಗೆ ಎದೆ ಧಸಕ್ಕೆನ್ನುತ್ತದೆ. ಮನೆಯವರೆಲ್ಲ ಕ್ಷೇಮ, ಸಾಲವಿಲ್ಲ, ಜಗಳವಿಲ್ಲ. ಆದರೂ ಏನೋ ಕೆಡುಕಾಗಲಿದೆ ಎಂಬ ದಿಗಿಲು. ಹೇಳಿಕೊಂಡರೆ 'ಸ್ವಲ್ಪ ಧೈರ್ಯ ತಂದುಕೊಳ್ಳಿ' ಎಂಬ ಉತ್ತರ. ಇದು ಪುಕ್ಕಲುತನವಲ್ಲ, ಮುಚ್ಚಿಡಬೇಡಿ.

ಮೊದಲು ದೇಹವನ್ನು ತೋರಿಸಿಕೊಳ್ಳಿ. ಥೈರಾಯ್ಡ್ ಗ್ರಂಥಿಯ ಸ್ರಾವ ಹೆಚ್ಚಾದರೂ ಎದೆಬಡಿತ, ಕೈನಡುಕ, ಕಳವಳ ಉಂಟಾಗುತ್ತವೆ, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ದಿನಕ್ಕೆ ಐದಾರು ಲೋಟ ಕಾಫಿಯೂ ಹೀಗೆ ಮಾಡೀತು (ನಮ್ಮವರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ!). ಇವೆರಡೂ ಅಲ್ಲದೆ ದಿಗಿಲು ತಿಂಗಳುಗಟ್ಟಲೆ ಉಳಿದು ನಿದ್ದೆ ಕೆಡಿಸುತ್ತಿದ್ದರೆ, ಅದು ಆತಂಕದ ಕಾಯಿಲೆ ಇರಬಹುದು. ಮಾತಿನ ಚಿಕಿತ್ಸೆಯೂ ಉಂಟು, ಮಾತ್ರೆಯೂ ಉಂಟು. ಕಾರಣ ಸಿಗಲೆಂದು ಕಾಯುತ್ತ ಕೂರಬೇಡಿ. ಅದು ಸಿಗದಿದ್ದರೂ ಚಿಕಿತ್ಸೆ ಫಲ ಕೊಡುತ್ತದೆ.

2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. 'ಏಕೆಂದು ತಿಳಿಯದು, ಹೆದರಿಕೆಯಾಗುತ್ತದೆ' ಎಂದಷ್ಟೇ ಹೇಳಿದರೂ ಸಾಕು.