ಬಾಣಂತಿಯ ಲೆಕ್ಕ ಯಾರ ಪುಸ್ತಕದಲ್ಲಿದೆ?

(ತಾಲ್ಲೂಕು ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಭೂಮಿ, ಸಾಲ, ಕೂಲಿ ಇವುಗಳ ಮಾತಾಯಿತು. ಊಟದ ಮೇಲಿನ ವಿಷಯ ಬಸುರಿ ಬಾಣಂತಿಯರದು ಎಂದು ತಿಳಿದ ಕೂಡಲೇ ಗಂಡಸರಲ್ಲಿ ಕೆಲವರು ಎದ್ದು ಹೊರಗೆ ಬೀಡಿ ಹಚ್ಚಲು ಹೋಗಿದ್ದಾರೆ. ಹೋಗಲಿ, ಮುಗಿಯುವುದರೊಳಗೆ ಬಂದರೆ ಸಾಕು. ಇದು ಲೆಕ್ಕದ ವಿಷಯ. ಲೆಕ್ಕ ಕೇಳುವುದು ನಮ್ಮ ಹಳೆಯ ಚಾಳಿ.

ಆರೋಗ್ಯ ಇಲಾಖೆಯವರು ಒಂದು ಅಂಕಿಯನ್ನು ಎಲ್ಲ ಸಭೆಗಳಲ್ಲೂ ಹೇಳುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ೨೦೧೯-೨೧ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ೯೭ ಹೆರಿಗೆಗಳು ಆಸ್ಪತ್ರೆಯಲ್ಲಾದವು. ೨೦೦೫-೦೬ರಲ್ಲಿ ಈ ಅಂಕಿ ಸುಮಾರು ೬೫ ಇತ್ತು. ಇದು ಸುಳ್ಳೆಂದು ನಾವು ಹೇಳುವುದಿಲ್ಲ. ೨೦೦೫ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು, ಆಶಾ ಕಾರ್ಯಕರ್ತೆಯರು ಬಂದರು, ೨೦೦೮ರಲ್ಲಿ ೧೦೮ರ ಗಾಡಿ ಬಂದಿತು. ನಡುರಾತ್ರಿಯಲ್ಲಿ ಬಸುರಿಯ ಕೈ ಹಿಡಿದು ಗಾಡಿ ಹತ್ತಿಸಿದ ಆಶಾ ಅಕ್ಕಂದಿರು ಈ ಸಭೆಯಲ್ಲೇ ಕೂತಿದ್ದಾರೆ. ವಿರೋಧ ಪಕ್ಷದವರಾದ ಮಾತ್ರಕ್ಕೆ ಆದ ಕೆಲಸವನ್ನು ಆಗಿಲ್ಲವೆನ್ನುವುದು ನಮಗೆ ಸಲ್ಲದು.

ಆದರೆ ಈ ೯೭ ಎಂಬುದು ಏನನ್ನು ಎಣಿಸಿದ ಅಂಕಿ? ನಾವು ಓದಿದ್ದು ಮೆಟ್ರಿಕ್‌ವರೆಗೆ, ವೈದ್ಯಶಾಸ್ತ್ರ ಬಾರದು. ಆದರೆ ಪಕ್ಷದ ಕೆಲಸಕ್ಕೆ ಬರುವ ಮುಂಚೆ ಮೇಷ್ಟರಾಗಿದ್ದವರು, ಹಾಜರಿ ಪುಸ್ತಕ ಚೆನ್ನಾಗಿ ಬರುತ್ತದೆ. ನೂರಕ್ಕೆ ತೊಂಬತ್ತೇಳು ಹಾಜರಿ ಇದ್ದ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಮಗ್ಗಿ ಬಾರದಿರುವುದು ಮೇಷ್ಟರಿಗೆ ಗೊತ್ತು, ಮಕ್ಕಳಿಗೂ ಗೊತ್ತು. ಇನ್ಸ್‌ಪೆಕ್ಟರರು ಮಾತ್ರ ಹಾಜರಿ ನೋಡಿ, ಸಹಿ ಹಾಕಿ, ಉಪ್ಪಿಟ್ಟು ತಿಂದು ಹೋಗುತ್ತಾರೆ. ಮಗು ಬಾಗಿಲು ದಾಟಿತೇ ಎಂಬುದು ಒಂದು ಲೆಕ್ಕ. ದಾಟಿದ ಮೇಲೆ ಒಳಗೆ ಏನಾಯಿತು ಎಂಬುದು ಇನ್ನೊಂದು ಲೆಕ್ಕ. ಹೆರಿಗೆಯ ವಿಷಯದಲ್ಲಿ ನಮ್ಮ ಸರ್ಕಾರಗಳು ಮೊದಲನೆಯದನ್ನು ತೋರಿಸಿ ಎರಡನೆಯದೂ ಆಯಿತೆಂದು ನಂಬಿಸುತ್ತಿವೆ.

ಅದೇ ಸಮೀಕ್ಷೆಯ ಪುಟವನ್ನು ಇನ್ನೆರಡು ಸಾಲು ಕೆಳಗೆ ಓದಿ. ಬಸುರಿನಲ್ಲಿ ನಾಲ್ಕು ಬಾರಿಯಾದರೂ ತಪಾಸಣೆ ಆದವರು ನೂರಕ್ಕೆ ೭೧. ಅದಕ್ಕೆ ಹಿಂದಿನ ಸುತ್ತಿನಲ್ಲಿ, ಅಂದರೆ ೨೦೧೫-೧೬ರಲ್ಲಿ, ೭೦. ರಕ್ತಹೀನತೆ ಇರುವ ಬಸುರಿಯರು ಎರಡು ಸುತ್ತಿನಲ್ಲೂ ನೂರಕ್ಕೆ ೪೫ರ ಆಸುಪಾಸು. ಆಸ್ಪತ್ರೆಯ ಬಾಗಿಲಿಗೆ ಬರುವವರು ಏರುತ್ತಲೇ ಇದ್ದಾರೆ. ಅವರ ಮೈಯಲ್ಲಿನ ರಕ್ತ ಏರಿಲ್ಲ. ರಕ್ತ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ಸ್ವಲ್ಪ ಹೋದರೂ ಅದು ಪ್ರಾಣಕ್ಕೆ ಬರುತ್ತದೆ. ಇನ್ನು ನಾಲ್ಕು ಬಾರಿ ಹೋದವಳಿಗೆ ನಾಲ್ಕು ಬಾರಿಯೂ ರಕ್ತದೊತ್ತಡ ನೋಡಿದರೇ, ಮೂತ್ರ ಪರೀಕ್ಷೆ ಮಾಡಿದರೇ, ಹೊಟ್ಟೆ ಮುಟ್ಟಿ ನೋಡಿದರೇ? ನಿಮ್ಮ ಮನೆಯ ತಾಯಿ ಕಾರ್ಡನ್ನು ತೆರೆದು ನೋಡಿ. ದಿನಾಂಕದ ಮನೆ ತುಂಬಿರುತ್ತದೆ, ಅದರ ಪಕ್ಕದ ಮನೆ ಎಷ್ಟೋ ಸಲ ಖಾಲಿ.

ಈ ಸಮೀಕ್ಷೆಯಲ್ಲಿ ಇನ್ನೊಂದು ವಿಚಿತ್ರವಿದೆ. ಹೆರಿಗೆ ಎಲ್ಲಾಯಿತು, ಯಾರು ಮಾಡಿಸಿದರು ಎಂದು ಕೇಳುವುದು ತಾಯಿಯನ್ನು. ಉತ್ತರ ಕೊಡಬೇಕಾದರೆ ಆಕೆ ಬದುಕಿರಬೇಕು. ಹೆರಿಗೆಯಲ್ಲಿ ತೀರಿಕೊಂಡವಳ ಮನೆಗೆ ಸಮೀಕ್ಷೆಯವರು ಹೋದರೂ ಆ ಪ್ರಶ್ನೆಗೆ ಉತ್ತರಿಸಲು ಅಲ್ಲಿ ಯಾರೂ ಇಲ್ಲ. ಹೀಗಾಗಿ ಸೇವೆ ಯಾರಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಸಿಕ್ಕಿತೋ ಅವಳೇ ಪಟ್ಟಿಯಿಂದ ಹೊರಗೆ.

ಸತ್ತವರನ್ನು ಎಣಿಸಲು ಬೇರೆ ಪುಸ್ತಕವಿದೆ, ಮಾದರಿ ನೋಂದಣಿ ವ್ಯವಸ್ಥೆ ಎಂದು ಅದರ ಹೆಸರು. ಬಸುರಿನಲ್ಲಾಗಲಿ, ಬಸುರು ಮುಗಿದ ೪೨ ದಿನಗಳೊಳಗಾಗಲಿ, ಆ ಕಾರಣದಿಂದ ಸತ್ತ ತಾಯಂದಿರನ್ನು ಒಂದು ಲಕ್ಷ ಜೀವಂತ ಜನನಕ್ಕೆ ಇಷ್ಟು ಎಂದು ಅದು ಹೇಳುತ್ತದೆ. ಕರ್ನಾಟಕದ್ದು ೨೦೦೪-೦೬ರಲ್ಲಿ ೨೧೩, ೨೦೧೮-೨೦ರಲ್ಲಿ ೬೯. ಇದು ದೊಡ್ಡ ಇಳಿತ, ಒಪ್ಪಬೇಕು. ಆದರೆ ಅದೇ ೨೦೧೮-೨೦ರಲ್ಲಿ ಕೇರಳದ್ದು ೧೯, ತೆಲಂಗಾಣದ್ದು ೪೩, ಆಂಧ್ರದ್ದು ೪೫, ತಮಿಳುನಾಡಿನದು ೫೪. ದಕ್ಷಿಣದ ಐದು ರಾಜ್ಯಗಳಲ್ಲಿ ಆ ಸಾಲಿನ ಕೊನೆಯ ಬೆಂಚು ನಮ್ಮದು. ಇನ್ನು ಈ ಲೆಕ್ಕ ಮಾದರಿ ಹಳ್ಳಿ, ಮಾದರಿ ಬೀದಿಗಳಿಂದ ತೆಗೆದದ್ದು. ರಾಜ್ಯಕ್ಕೆ ಒಂದು ಅಂಕಿ ಕೊಡುತ್ತದೆಯೇ ಹೊರತು ನಮ್ಮ ಜಿಲ್ಲೆಗೆ, ನಮ್ಮ ತಾಲ್ಲೂಕಿಗೆ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಇಳಿದದ್ದು ಮಲೆನಾಡಿನ ಮೂಲೆಯಲ್ಲೂ ಇಳಿದಿದೆಯೇ ಎಂದು ಕೇಳಿದರೆ ಆ ಪುಸ್ತಕ ಸುಮ್ಮನಿರುತ್ತದೆ.

ಬಾಗಿಲೊಳಗೆ ಹೋದ ಮೇಲೆ ಪ್ರಾಣ ಹೇಗೆ ಹೋಗುತ್ತದೆ? ೧೯೯೪ರಲ್ಲಿ ತ್ಯಾಡಿಯಸ್ ಮತ್ತು ಮೇನ್ ಎಂಬಿಬ್ಬರು ಪಂಡಿತೆಯರು ಮೂರು ತಡಗಳ ಮಾತು ಹೇಳಿದರು. ಹೊರಡಬೇಕೆಂದು ಮನೆಯವರು ನಿಶ್ಚಯಿಸುವುದರಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆ ತಲುಪಿದ ಮೇಲೆ ತಕ್ಕ ಚಿಕಿತ್ಸೆ ಸಿಗುವುದರಲ್ಲಿ ತಡ. ಆಶಾ ಅಕ್ಕ ಮೊದಲನೆಯದನ್ನು ಕಡಿಮೆ ಮಾಡಿದಳು. ೧೦೮ ಎರಡನೆಯದನ್ನು ಸಾಕಷ್ಟು ಕಡಿಮೆ ಮಾಡಿತು. ಮೂರನೆಯ ತಡವಿದೆಯಲ್ಲ, ಅದು ಸರ್ಕಾರದ ಸ್ವಂತ ಮನೆಯದು. ಅದನ್ನು ಅಳೆಯುವ ಗಡಿಯಾರವನ್ನೇ ಗೋಡೆಗೆ ಹಾಕಿಲ್ಲ. ಪ್ರಾಥಮಿಕ ಕೇಂದ್ರದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಎಂದು ಚೀಟಿ ಬರೆದು ಕಳಿಸಿದ ಬಸುರಿಯರ ಕಥೆ ಇಲ್ಲಿ ಕೂತ ಪ್ರತಿಯೊಬ್ಬರಿಗೂ ಒಂದಾದರೂ ಗೊತ್ತು.

ಅಳತೆ ಎಂದರೆ ಬರಿಯ ಕಾಗದದ ಕೆಲಸ ಎಂದು ತಿಳಿಯಬೇಡಿ. ಬಾಣಂತಿಯರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊಲ್ಲುವುದು ಹೆರಿಗೆಯ ನಂತರದ ರಕ್ತಸ್ರಾವ. ಅರ್ಧ ಲೀಟರಿಗಿಂತ ಹೆಚ್ಚು ಹೋದರೆ ಅಪಾಯವೆಂದು ಶಾಸ್ತ್ರ. ಆದರೆ ಬಟ್ಟೆಗೆ, ನೆಲಕ್ಕೆ, ಬಕೆಟ್ಟಿಗೆ ಹೋದ ರಕ್ತ ಅರ್ಧ ಲೀಟರೋ ಒಂದು ಲೀಟರೋ ಎಂದು ಹೇಳುವವರು ಯಾರು? ಕಣ್ಣಂದಾಜು. ನಮ್ಮ ಬೆಳಗಾವಿಯ ವೈದ್ಯಕೀಯ ಕಾಲೇಜಿನವರು ಹೊರದೇಶದ ಜೊತೆಗಾರರೊಂದಿಗೆ ಇದನ್ನು ಪರೀಕ್ಷಿಸಿದರು. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿಗೆ ಅಳತೆಯ ಗೆರೆ ಹಾಕಿದ ಚೀಲ. ೨೦೦೬ರಲ್ಲಿ ಅವರು ಪ್ರಕಟಿಸಿದ ಫಲ ಇದು: ಕಣ್ಣಂದಾಜಿನ ಲೆಕ್ಕ ಚೀಲದ ಲೆಕ್ಕಕ್ಕಿಂತ ನೂರಕ್ಕೆ ೩೩ ಕಡಿಮೆ. ಅಂದರೆ ಮೂರು ಲೋಟ ಹೋದಾಗ ನಮ್ಮ ಕಣ್ಣಿಗೆ ಎರಡೇ ಕಾಣುತ್ತದೆ.

ಮುಂದೆ ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ೮೦ ಆಸ್ಪತ್ರೆಗಳಲ್ಲಿ ಇಂಥ ಚೀಲವನ್ನೇ ಇಟ್ಟು, ಗೆರೆ ದಾಟಿದ ಕೂಡಲೇ ಹೊಟ್ಟೆ ನೀವುವುದು, ಗರ್ಭಕೋಶ ಬಿಗಿಯುವ ಮದ್ದು, ರಕ್ತ ಕಟ್ಟುವ ಮದ್ದು, ಡ್ರಿಪ್ಪು, ರಕ್ತ ಎಲ್ಲಿಂದ ಬರುತ್ತಿದೆಯೆಂದು ಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ ಮಾಡುವ ಕ್ರಮವನ್ನು ತಂದರು. ೨೦೨೩ರಲ್ಲಿ ಫಲ ಹೊರಬಂತು. ಕಣ್ಣಂದಾಜಿನ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವದ ನೂರು ಪ್ರಸಂಗಗಳಲ್ಲಿ ೫೧ ಮಾತ್ರ ಗುರುತಿಗೆ ಬಂದವು, ಚೀಲವಿದ್ದಲ್ಲಿ ೯೩. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಇವೆಲ್ಲ ಸೇರಿ ನೂರಕ್ಕೆ ೬೦ರಷ್ಟು ತಗ್ಗಿದವು. ಅಳೆದದ್ದರಿಂದಲೇ ಉಳಿದ ಜೀವಗಳಿವು. ಬೆಳಗಾವಿಯಲ್ಲಿ ಪರೀಕ್ಷೆಯಾದ ಚೀಲ ನಮ್ಮ ಹೋಬಳಿಯ ಹೆರಿಗೆ ಕೋಣೆಯಲ್ಲಿ ಇದೆಯೇ? ಕೇಳಿ ನೋಡಿ.

ಇನ್ನೊಂದು ಪ್ರಯೋಗವನ್ನೂ ಹೇಳಬೇಕು, ಏಕೆಂದರೆ ಅದು ನಮ್ಮ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ. ವಿಶ್ವ ಆರೋಗ್ಯ ಸಂಸ್ಥೆಯವರು ಹೆರಿಗೆಯ ವೇಳೆಗೆ ಮಾಡಲೇಬೇಕಾದ ಕೆಲಸಗಳ ಒಂದು ಪಟ್ಟಿ ಮಾಡಿದರು. ಕೈ ತೊಳೆಯುವುದು, ಜ್ವರ ನೋಡುವುದು, ರಕ್ತದೊತ್ತಡ ನೋಡುವುದು ಈ ಬಗೆಯವು. ೨೦೧೦ರಲ್ಲಿ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಪಕ್ಕದಲ್ಲಿ ನಿಂತು ಎಣಿಸಿದಾಗ ೨೯ ಕೆಲಸಗಳಲ್ಲಿ ಸರಾಸರಿ ೧೦ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ ೨೫. ಇದನ್ನು ಕಂಡು ಉತ್ತರ ಪ್ರದೇಶದ ೧೨೦ ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಮಿಕ್ಕಿದ ಹೆರಿಗೆಗಳಲ್ಲಿ, ದೊಡ್ಡ ಪರೀಕ್ಷೆ ನಡೆಯಿತು. ಅಲ್ಲಿಯೂ ಕೆಲಸದ ಕ್ರಮ ಸುಧಾರಿಸಿತು. ಆದರೆ ೨೦೧೭ರಲ್ಲಿ ಫಲ ನೋಡಿದರೆ ಸಾವುಗಳು ಇಳಿದಿರಲಿಲ್ಲ. ಪಟ್ಟಿ ಕೈ ತೊಳೆಯಲು ನೆನಪಿಸೀತು, ರಕ್ತದ ಬಾಟಲಿಯನ್ನೂ ಶಸ್ತ್ರಕ್ರಿಯೆಯ ವೈದ್ಯರನ್ನೂ ತಂದುಕೊಡಲಾರದು. ಆ ಫಲದಿಂದ ನಾವು ತಿಳಿದುಕೊಂಡದ್ದು ಇಷ್ಟು. ಸುಧಾರಣೆಯ ಹೆಸರಿನಲ್ಲಿ ಇನ್ನೊಂದು ರಿಜಿಸ್ಟರ್ ತಂದು ಸಿಸ್ಟರ್ ಅವರ ಮೇಜಿನ ಮೇಲೆ ಒಗೆಯುವುದು ಇಲಾಖೆಗೆ ಸುಲಭ. ಖಾಲಿ ಹುದ್ದೆ ತುಂಬುವುದು ಕಷ್ಟ.

ರಿಜಿಸ್ಟರಿನ ಮಾತು ಬಂತು. ಹೆರಿಗೆ ನೋವು ಶುರುವಾದಾಗಿನಿಂದ ಗಂಟೆ ಗಂಟೆಗೂ ಗುರುತು ಹಾಕಬೇಕಾದ ಪಾರ್ಟೋಗ್ರಾಫ್ ಎಂಬ ಹಾಳೆಯಿದೆ. ನೋವು ಹಳಿ ತಪ್ಪಿದರೆ ಆ ಗೆರೆ ಮೊದಲೇ ಎಚ್ಚರಿಸುತ್ತದೆ. ಒಂದು ಕೇಂದ್ರದಲ್ಲಿ ನಾವು ಅಂಥ ಹಾಳೆಗಳನ್ನು ಕಂಡೆವು. ಒಂದೇ ಪೆನ್ನು, ಒಂದೇ ಒತ್ತು, ಒಂದು ಚಿತ್ತಿಲ್ಲ. ಹೆರಿಗೆಯಾದ ಮೇಲೆ ಕೂತು ಬರೆದದ್ದೆಂದು ಉತ್ತರಪತ್ರಿಕೆ ತಿದ್ದಿದ ಕಣ್ಣಿಗೆ ತಿಳಿಯದೇ? ಕೇಳಿದಾಗ ಆ ತಾಯಿ ಹೇಳಿದರು: “ಅಣ್ಣಾ, ರಾತ್ರಿ ಪಾಳಿಗೆ ನಾನೊಬ್ಬಳೇ. ಮೂವರು ನೋವಿನಲ್ಲಿದ್ದರು. ಗೆರೆ ಎಳೀಲೋ, ಮಗು ಹಿಡೀಲೋ?” ನಮ್ಮಲ್ಲಿ ಉತ್ತರವಿರಲಿಲ್ಲ. ಅಳತೆಯ ಹೆಸರಿನಲ್ಲಿ ಆಕೆಯ ಮೇಲೆ ಕ್ರಮ ಕೈಗೊಂಡರೆ ಮುಂದಿನ ಸಲ ಹಾಳೆ ಇನ್ನೂ ಅಂದವಾಗಿರುತ್ತದೆ, ಅಷ್ಟೇ.

ಸಿಸೇರಿಯನ್ ವಿಷಯ ಚಿಕ್ಕದಾಗಿ ಹೇಳುತ್ತೇವೆ. ೨೦೧೯-೨೧ರಲ್ಲಿ ನಮ್ಮ ರಾಜ್ಯದಲ್ಲಿ ನೂರಕ್ಕೆ ೩೧ಕ್ಕೂ ಹೆಚ್ಚು ಹೆರಿಗೆ ಕೊಯ್ದು ಆದವು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು. ಒಂದು ಜನಸಮೂಹದಲ್ಲಿ ನೂರಕ್ಕೆ ಹತ್ತನ್ನು ದಾಟಿದ ಮೇಲೆ ಕೊಯ್ತ ಹೆಚ್ಚಿದಷ್ಟಕ್ಕೇ ಸಾವು ಇಳಿಯುವುದು ಕಾಣುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿತು. ದುಡ್ಡಿದ್ದವಳಿಗೆ ಬೇಡದ ಕೊಯ್ತ, ಇಲ್ಲದವಳಿಗೆ ಬೇಕಾದ ಹೊತ್ತಿಗೆ ಇಲ್ಲದ ಕೊಯ್ತ. ಎರಡನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ.

೨೦೨೪ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಡ್ರಿಪ್ಪಿನ ದ್ರಾವಣದ ಮೇಲೆ ಸಂಶಯ ಹೋಯಿತು, ವಿಧಾನಸಭೆಯಲ್ಲಿ ಗದ್ದಲವಾಯಿತು. ನೆನಪಿಡಿ, ಇಲಾಖೆಯ ತಿಂಗಳ ಪಟ್ಟಿಯಲ್ಲಿ ಅವರೆಲ್ಲರದೂ ಆಸ್ಪತ್ರೆ ಹೆರಿಗೆಯೇ, ಅವರೆಲ್ಲರೂ ಯಶಸ್ಸಿನ ಮನೆಯಲ್ಲೇ ಎಣಿಕೆಯಾದವರು. ಆ ಗದ್ದಲದಿಂದ ಒಂದು ಒಳ್ಳೆಯದಾಯಿತು. ಆ ವರ್ಷದ ಏಪ್ರಿಲಿನಿಂದ ಡಿಸೆಂಬರಿನವರೆಗೆ ರಾಜ್ಯದಲ್ಲಿ ಸತ್ತ ೪೬೪ ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸಿದರು. ೨೦೨೫ರಲ್ಲಿ ಸರ್ಕಾರವೇ ಹೊರಗಿಟ್ಟ ಮಾತು: ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಾಗಿತ್ತು. ಇದನ್ನು ವಿರೋಧಿಗಳು ಹೇಳಿದ್ದಲ್ಲ. ೯೭ರ ಪಕ್ಕದಲ್ಲಿ ಈ ೭೦ನ್ನೂ ಬರೆದು ಓದಬೇಕು.

ಪ್ರತಿ ತಾಯಿಯ ಸಾವನ್ನೂ ಪರಿಶೀಲಿಸಬೇಕೆಂಬ ನಿಯಮ ಹೊಸದೇನಲ್ಲ. ಜಿಲ್ಲೆಯಲ್ಲಿ ಅದಕ್ಕೆ ಸಮಿತಿಯೂ ಉಂಟು. ಸಮಿತಿ ಕೂಡುತ್ತದೆ, ವರದಿ ಮೇಲಕ್ಕೆ ಹೋಗುತ್ತದೆ, ಕೆಳಗೆ ಬರುವುದಿಲ್ಲ. ಕೇರಳದ ಪ್ರಸೂತಿ ವೈದ್ಯರ ಸಂಘ ೨೦೦೪ರಿಂದ ಬೇರೆ ದಾರಿ ಹಿಡಿದಿದೆ. ಸತ್ತವಳ ಹೆಸರು, ಆಸ್ಪತ್ರೆಯ ಹೆಸರು ಮುಚ್ಚಿ ದಾಖಲೆ ಓದುತ್ತಾರೆ. ತಪ್ಪು ಯಾರದೆಂದು ಹುಡುಕದೆ ತಪ್ಪು ಎಲ್ಲಾಯಿತೆಂದು ಹುಡುಕುತ್ತಾರೆ. ಕಂಡದ್ದನ್ನು ಅಚ್ಚು ಹಾಕಿಸಿ ಎಲ್ಲ ವೈದ್ಯರಿಗೂ ತಿಳಿಸುತ್ತಾರೆ. ಅಲ್ಲಿನ ೧೯ಕ್ಕೆ ಇದೊಂದೇ ಕಾರಣವೆಂದಲ್ಲ. ಹೆಣ್ಣುಮಕ್ಕಳ ಓದು, ಬಸ್ಸು, ಹತ್ತಿರದ ಆಸ್ಪತ್ರೆ ಎಲ್ಲ ಸೇರಿವೆ. ಆದರೂ ನೋಡಿ ಕಲಿಯಬಹುದಾದದ್ದು. ಜನರೂ ಇದನ್ನು ಮಾಡಿದ್ದಾರೆ. ಹತ್ತು ರಾಜ್ಯಗಳ ೧೨೪ ತಾಯಂದಿರ ಸಾವಿನ ಕಥೆಯನ್ನು ಮನೆಯವರ ಬಾಯಿಂದ ಕೇಳಿ ಜನಾರೋಗ್ಯದ ಸಂಘಟನೆಗಳು ೨೦೧೪ರಲ್ಲಿ ಒಂದು ವರದಿ ತಂದವು.

ಹಾಗಾದರೆ ನಮ್ಮ ಕೆಲಸವೇನು? ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗಳಲ್ಲಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ನಮ್ಮವರು ಸದಸ್ಯರಾಗಿದ್ದಾರೆ. ಚಹಾ ಕುಡಿದು ನಡಾವಳಿಗೆ ಸಹಿ ಹಾಕಿ ಬರುತ್ತಾರೆ. ಇನ್ನು ಮೇಲೆ ಎಷ್ಟು ಹೆರಿಗೆ ಎಂದು ಕೇಳಿ ಸುಮ್ಮನಾಗಬೇಡಿ. ರಾತ್ರಿ ಹತ್ತರ ಮೇಲೆ ಎಷ್ಟು ಜನ ಸಿಸ್ಟರ್ ಇರುತ್ತಾರೆ? ಆಕ್ಸಿಟೋಸಿನ್ ಮದ್ದು ತಣ್ಣಗಿರಬೇಕು, ಕರೆಂಟು ಹೋದಾಗ ಆ ಪೆಟ್ಟಿಗೆ ಏನಾಗುತ್ತದೆ? ಒತ್ತಡ ಏರಿ ಫಿಟ್ಸ್ ಬಂದವಳಿಗೆ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಕಪಾಟಿನಲ್ಲಿದೆಯೇ? ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಶೇಖರಣೆ ನಡೆಯುತ್ತಿದೆಯೇ, ಬೋರ್ಡು ಮಾತ್ರ ಇದೆಯೇ? ಕಳೆದ ವರ್ಷ ಇಲ್ಲಿಂದ ಮೇಲಕ್ಕೆ ಕಳಿಸಿದವರು ಎಷ್ಟು, ಅವರಲ್ಲಿ ಬದುಕಿ ಮನೆಗೆ ಬಂದವರು ಎಷ್ಟು?

ಬಾಣಂತಿಯನ್ನು ಕೇಳುವುದು ಅಕ್ಕಂದಿರ ಕೆಲಸ, ಗಂಡಸರು ಹೋಗಬೇಡಿ. ನೋವಿನಲ್ಲಿ ಬೈದರೇ, ಹೊಡೆದರೇ? ದುಡ್ಡು ಕೇಳಿದರೇ? ಜೊತೆಗೆ ಒಬ್ಬ ಹೆಂಗಸನ್ನು ಬಿಟ್ಟರೇ? ಏನು ಮಾಡುತ್ತಿದ್ದೇವೆಂದು ಹೇಳಿ ಮಾಡಿದರೇ? ಇವು ಯಾವ ರಿಜಿಸ್ಟರಿನಲ್ಲೂ ಇಲ್ಲ. ಮುಂದಿನ ಬಸುರಿಗೆ ಆಸ್ಪತ್ರೆಗೆ ಹೋಗಲು ಮನಸ್ಸು ಬರುವುದೂ ಬಾರದಿರುವುದೂ ಇವುಗಳ ಮೇಲೆ ನಿಂತಿದೆ. ಹೆಸರು ಬರೆದುಕೊಳ್ಳಬೇಡಿ. ಸಿಸ್ಟರ್ ಅವರ ಹೆಸರನ್ನೂ ಬೇಡ.

ಈ ಪ್ರಶ್ನೆಗಳ ಹಾಳೆಗಳು ಹಿಂದಿನ ಬೆಂಚಿನ ಮೇಲಿವೆ. ಆರೋಗ್ಯ ಕೇಂದ್ರಕ್ಕೊಂದರಂತೆ ತೆಗೆದುಕೊಂಡು ಹೋಗಿ, ಮುಂದಿನ ತಿಂಗಳ ಸಭೆಗೆ ತುಂಬಿಸಿ ತನ್ನಿ. ಒಟ್ಟುಗೂಡಿಸಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಮುಂದಿಡೋಣ, ನಮ್ಮ ತಾಲ್ಲೂಕಿನ ತಾಯಂದಿರ ಸಾವಿನ ಪರಿಶೀಲನೆಯಲ್ಲಿ ಏನು ಕಂಡಿತೆಂದು ಲಿಖಿತವಾಗಿ ಕೇಳೋಣ. ಉತ್ತರ ಸಿಗದ ಪ್ರಶ್ನೆಯ ಮುಂದೆ ಜಾಗ ಖಾಲಿ ಬಿಡಿ. ಊಹಿಸಿ ತುಂಬಬೇಡಿ.